ಹೆದರಿಕೆ ಮರೆತ ದೇಶ

ಅಂಕಗಳು ಬಂದ ದಿನ ಪ್ರಯೋಗಾಲಯದಲ್ಲಿ ಹೋಳಿಗೆ ಹಂಚಿದರು. ನಿರ್ದೇಶಕ ಡಾಕ್ಟರ್ ಪದ್ಮನಾಭ ಹೆಬ್ಬಾರರು ತಾವೇ ಪೆಟ್ಟಿಗೆ ಹಿಡಿದುಕೊಂಡು ಒಂದೊಂದು ಮೇಜಿಗೂ ಹೋದರು. ವಿನೋದಿನಿ ಕೋಟ್ಯಾನ್ ಒಂದನ್ನು ತೆಗೆದುಕೊಂಡು ಪಕ್ಕಕ್ಕಿಟ್ಟಳು. ಅವಳ ಕಣ್ಣು ಪರದೆಯ ಮೇಲಿತ್ತು. ಝರಾನ್, ಎಪ್ಪತ್ತೊಂದು. ಬೆಲೂಶಾ, ನಲವತ್ತಮೂರು.

ಕೂದಲು ಓದುವ ಯಂತ್ರ ಮಂಗಳೂರಿಗೆ ಬಂದು ಎರಡು ವರ್ಷವಾಗಿತ್ತು. ತಲೆಗೂದಲು ತಿಂಗಳಿಗೆ ಬೆರಳಿನ ಅಗಲದಷ್ಟು ಬೆಳೆಯುತ್ತದೆ. ಆ ತಿಂಗಳು ಮನುಷ್ಯ ತಿಂದದ್ದು, ಕುಡಿದದ್ದು, ಉಸಿರಾಡಿದ ಹೊಗೆ ಎಲ್ಲವೂ ಅಷ್ಟಷ್ಟು ಅದರೊಳಗೆ ಸೇರಿಹೋಗುತ್ತವೆ. ಯಂತ್ರ ತೆಳ್ಳನೆಯ ಬೆಳಕಿನಿಂದ ಕೂದಲನ್ನು ತುದಿಯಿಂದ ಬುಡದವರೆಗೆ ಸುಡುತ್ತ ಬಂದು, ಏಳುವ ಆವಿಯನ್ನು ತೂಗಿ ಹೇಳುತ್ತಿತ್ತು: ಈ ತಿಂಗಳು ಹಾಲು ಸಿಕ್ಕಿದೆ, ಈ ತಿಂಗಳು ಬರೀ ಗೆಡ್ಡೆ, ಇಲ್ಲಿ ಕೆಸರುನೀರು, ಇಲ್ಲಿ ಟಯರು ಸುಟ್ಟ ಹೊಗೆ. ದೇಹ ಬೆದರಿದಾಗ ಸ್ರವಿಸುವ ಕಾರ್ಟಿಸಾಲ್ ಕೂಡ ಅದಕ್ಕೆ ಕಾಣುತ್ತಿತ್ತು. ಇದನ್ನೆಲ್ಲ ಕೂಡಿಸಿ ಒಂದು ನಾಡಿಗೆ ನೂರಕ್ಕೆ ಇಷ್ಟು ಎಂದು ಬದುಕಿನ ಅಂಕ ಕೊಡುವುದು ವಿನೋದಿನಿಯ ವಿಭಾಗದ ಕೆಲಸ.

ಝರಾನ್, ಬೆಲೂಶಾ ಒಂದೇ ಬೆಟ್ಟಸಾಲಿನ ಎರಡು ಬದಿಯ ದೇಶಗಳು. ಎರಡರಲ್ಲೂ ಒಳಯುದ್ಧ. ಎರಡೂ ಕಡೆಯ ಜನ ಹಡಗು ಹತ್ತಿ ಅರಬ್ಬೀ ಸಮುದ್ರ ದಾಟಿ ಬಂದಿದ್ದರು. ಬಂದರಿನಾಚೆಯ ಹಳೆಯ ಗೋದಾಮುಗಳೇ ಅವರ ಶಿಬಿರ. ಯಾವ ದೇಶದ ಅಂಕ ಅರವತ್ತು ದಾಟುತ್ತದೋ ಆ ದೇಶ ವಾಸಕ್ಕೆ ಯೋಗ್ಯವಾಯಿತು ಎಂದು ಲೆಕ್ಕ. ಅಲ್ಲಿಂದ ಬಂದವರನ್ನು ವಾಪಸು ಕಳಿಸಬಹುದು. ಹಾಗೆಂದು ಮರುವಸತಿ ಮಂಡಳಿ ನಿಯಮ ಮಾಡಿತ್ತು.

"ಒಂದು ದೇಶವಾದರೂ ಮೇಲೆ ಬಂತಲ್ಲ! ಖುಷಿಪಡಬೇಕು ಮಾರಾಯ್ರೆ" ಎಂದರು ಹೆಬ್ಬಾರರು. "ಎಂಥಾ ಯುದ್ಧದ ನಡುವೆ ಮಕ್ಕಳಿಗೆ ಹಾಲು ಕೊಟ್ಟಿದ್ದಾರೆ ನೋಡಿ. ಈ ವಾರ ಮಂಡಳಿಯ ಸಭೆ ಉಂಟು. ನಿಮ್ಮ ಸಹಿ ಆದರೆ ಆಯ್ತು."

"ನಾಳೆ ಮಾಡ್ತೇನೆ ಸರ್" ಎಂದಳು ವಿನೋದಿನಿ. ಯಾಕೆ ನಾಳೆ ಎಂದೆನೆಂದು ಅವಳಿಗೇ ಗೊತ್ತಿರಲಿಲ್ಲ. ಬಹುಶಃ ಮನೆಯ ಹಿಂಬದಿಯ ಕೋಣೆಯಲ್ಲಿದ್ದ ಇಬ್ಬರು ನೆನಪಾಗಿರಬೇಕು.

ಆ ಕೋಣೆಯಲ್ಲಿ ಯೆಸ್ಮಾ ಮೂರು ವರ್ಷದಿಂದ ಬಾಡಿಗೆಗಿದ್ದಳು. ಝರಾನಿನವಳು. ಮೊದಲು ಶಿಬಿರದಲ್ಲಿದ್ದು, ಆಮೇಲೆ ಬಂದರಿನ ಕೂಲಿಗಳಿಗೆ ತನ್ನ ಊರಿನ ದಪ್ಪ ರೊಟ್ಟಿ ಸುಟ್ಟು ಮಾರಿ ತನ್ನ ಕಾಲ ಮೇಲೆ ನಿಂತವಳು. ಗಿರಾಕಿಗಳ ಜೊತೆ ಮಾತಾಡಿಯೇ ಕನ್ನಡ ಕಲಿತಿದ್ದಳು. ಅವಳ ಗಂಡ ಕೊರೆನ್ ಅಲ್ಲೇ ಉಳಿದಿದ್ದ. ಮುದಿ ತಾಯಿಯನ್ನು ಬಿಟ್ಟು ಬರಲಾರೆ ಎಂದಿದ್ದ. ತಾಯಿ ಶೆಲ್ ದಾಳಿಗೆ ಸಿಕ್ಕಿ ಸತ್ತ ಮೇಲೆ, ಐದು ತಿಂಗಳ ಹಿಂದೆ ಬಂದ.

ವಿನೋದಿನಿ ಮನೆ ಸೇರಿ ಕಾಲು ತೊಳೆಯುತ್ತಿರುವಾಗ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಅದರ ಬೆನ್ನಿಗೇ ಹಿಂದಿನ ಕೋಣೆಯಲ್ಲಿ ಏನೋ ಬಿದ್ದ ಸದ್ದು. ಓಡಿಹೋಗಿ ನೋಡಿದರೆ ಕೊರೆನ್ ಮಂಚದಡಿ ಮುದುಡಿ ಕಿವಿ ಮುಚ್ಚಿಕೊಂಡಿದ್ದ. ಯೆಸ್ಮಾ ನೆಲದ ಮೇಲೆ ಹೊಟ್ಟೆ ಹಚ್ಚಿ ಮಲಗಿ, ತೋಳು ಚಾಚಿ ಅವನ ಬೆನ್ನು ಸವರುತ್ತಿದ್ದಳು.

"ಕುಕ್ಕರ್ ಅಂತ ಹೇಳಿದೆ ಅಕ್ಕ. ಅವನಿಗೆ ಗೊತ್ತುಂಟು ಕುಕ್ಕರ್ ಅಂತ. ಆದರೂ ದೇಹ ಕೇಳುವುದಿಲ್ಲ."

ವಿನೋದಿನಿಯ ಗಂಡ ಜಯಕರ ಬಾಗಿಲಲ್ಲಿ ಪೆಚ್ಚಾಗಿ ನಿಂತಿದ್ದ. ಅವನು ಮೀನುಗಾರಿಕೆ ಬೋಟುಗಳ ಎಂಜಿನ್ ರಿಪೇರಿ ಮಾಡುವವನು. ಸಂಜೆಯ ಅಡುಗೆ ಅವನದೇ. "ಬೇಳೆಗೆ ಇಟ್ಟದ್ದು. ನಾಳೆಯಿಂದ ಪಾತ್ರೆಯಲ್ಲೇ ಬೇಯಿಸ್ತೇನೆ, ತೊಂದರೆ ಇಲ್ಲ" ಎಂದ.

ಕೊರೆನನನ್ನು ಹೊರಗೆ ಕರೆತಂದು ಕೂರಿಸಿದರು. ಅವನ ಕಣ್ಣಲ್ಲಿ ನೀರು ಹರಿಯುತ್ತಲೇ ಇತ್ತು, ಮುಖ ಮಾತ್ರ ಅಳುವವನದಾಗಿರಲಿಲ್ಲ. ಯೆಸ್ಮಾ ವಿನೋದಿನಿಯನ್ನು ಬಾವಿಕಟ್ಟೆಯ ಬಳಿಗೆ ಕರೆದಳು.

"ಬಂದಾಗ ಹೀಗೆ ಇರಲಿಲ್ಲ ಅಲ್ವಾ ಅಕ್ಕ? ನೀವೇ ನೋಡಿದ್ದೀರಿ. ಬಂದ ದಿನ ಅಂಗಿಯ ಗುಂಡಿ ಹಾಕಿಕೊಳ್ತಾ ಹೇಳಿದ, ಅಮ್ಮ ಸತ್ತಳು ಅಂತ. ಹಾಲು ಮುಗಿದಿದೆ ಅಂತ ಹೇಳಿದ ಹಾಗೆ. ನಾನು ಅತ್ತುಬಿಟ್ಟೆ, ಅವನು ಅಳಲಿಲ್ಲ. ಎರಡು ತಿಂಗಳು ನಗು ಇಲ್ಲ, ಕೋಪ ಇಲ್ಲ, ಅಂಗಡಿಯ ಬೊಂಬೆಯ ಹಾಗೆ ಕೂತಿದ್ದ. ಈಗ ದಿನಾ ಇದು." ಅವಳು ದನಿ ತಗ್ಗಿಸಿದಳು. "ಶಿಬಿರದಲ್ಲಿ ಸುದ್ದಿ ಉಂಟು. ಝರಾನಿನವರನ್ನು ವಾಪಸು ಕಳಿಸ್ತಾರಂತೆ. ಹೌದಾ?"

ಸಭೆಗೆ ಮೊದಲು ಅಂಕ ಹೊರಗೆ ಹೇಳುವಂತಿರಲಿಲ್ಲ. "ನನಗೆ ಗೊತ್ತಿಲ್ಲ ಯೆಸ್ಮಾ" ಎಂದಳು ವಿನೋದಿನಿ. ಯೆಸ್ಮಾ ಅವಳ ಮುಖವನ್ನೇ ನೋಡಿದಳು. ಸುಳ್ಳು ಎಂದು ಇಬ್ಬರಿಗೂ ತಿಳಿಯಿತು. ಯೆಸ್ಮಾ ಬಿಂದಿಗೆ ಎತ್ತಿಕೊಂಡು ಹೊರಟುಹೋದಳು.

ಮರುದಿನ ಬೆಳಿಗ್ಗೆ ವಿನೋದಿನಿ ಸಹಿ ಹಾಕುವ ಮೊದಲು ಗೆರೆಗಳನ್ನು ನೋಡಲು ಕುಳಿತಳು. ಅಂಕ ಎಂದರೆ ಎಲ್ಲವನ್ನೂ ಕಲಸಿದ ಮುದ್ದೆ. ಅದರೊಳಗೆ ಆಹಾರಕ್ಕೊಂದು, ನೀರಿಗೊಂದು, ಭಯಕ್ಕೊಂದು ಗೆರೆ ಬೇರೆಬೇರೆ ಇರುತ್ತದೆ.

ಬೆಲೂಶಾದ ಭಯದ ಗೆರೆ ಬೆಟ್ಟ ಕಣಿವೆಯಂತಿತ್ತು. ಸೇತುವೆಗೆ ಬಾಂಬು ಬಿದ್ದ ತಿಂಗಳು ಜಿಗಿದಿತ್ತು. ಸುಗ್ಗಿಯ ಹಬ್ಬದ ತಿಂಗಳು, ಹೊಟ್ಟೆಗೆ ಸರಿಯಾಗಿಲ್ಲದಿದ್ದರೂ, ಪಾತಾಳಕ್ಕೆ ಇಳಿದಿತ್ತು. ಕುಣಿದಿರಬೇಕು ಪಾಪ, ಅಂದುಕೊಂಡಳು. ಆಮೇಲೆ ಝರಾನಿನದನ್ನು ತೆರೆದಳು.

ಅದು ನೇರ ಇತ್ತು, ಸ್ಕೇಲು ಹಿಡಿದು ಎಳೆದಂತೆ.

ಕಳೆದ ಚಳಿಗಾಲದಲ್ಲಿ ಝರಾನಿನ ರಾಜಧಾನಿಯ ತರಕಾರಿ ಮಾರುಕಟ್ಟೆಯ ಮೇಲೆ ಶೆಲ್ಲುಗಳು ಬಿದ್ದು ನೂರಾರು ಜನ ಸತ್ತದ್ದನ್ನು ಇಡೀ ಲೋಕ ಟೀವಿಯಲ್ಲಿ ನೋಡಿತ್ತು. ಅದೇ ಬೀದಿಯ ಸೆಲೂನುಗಳಿಂದ ಬಂದ ಕೂದಲೂ ಇದರಲ್ಲಿತ್ತು. ಆ ತಿಂಗಳಿನಲ್ಲಿ ಏನೂ ಇಲ್ಲ. ಒಂದು ಸಣ್ಣ ಏರು ಕೂಡ ಇಲ್ಲ.

ಯಂತ್ರ ಕೆಟ್ಟಿರಬೇಕು ಎಂದುಕೊಂಡು, ಬೆಳಿಗ್ಗೆ ಜಯಕರನ ಬಾಚಣಿಗೆಯಿಂದ ತಂದಿದ್ದ ಕೂದಲನ್ನು ಒಳಗಿಟ್ಟಳು. ಯಂತ್ರವನ್ನು ಪರೀಕ್ಷಿಸಲು ಅವಳು ಯಾವಾಗಲೂ ಬಳಸುವುದು ಗಂಡನ ತಲೆಯನ್ನೇ. ಗೆರೆ ಮೂಡಿತು. ಈಚೆಗೆ ಗೆಳೆಯನ ಬೋಟು ಸಮುದ್ರದಲ್ಲಿ ಸಂಪರ್ಕಕ್ಕೆ ಸಿಗದೆ ಹೋದ ತಿಂಗಳು ಜಯಕರನ ಭಯ ಚೂಪಾಗಿ ಎದ್ದು, ಬೋಟು ವಾಪಸು ಬಂದ ಮೇಲೆ ಇಳಿದಿತ್ತು. ಯಂತ್ರ ಸರಿಯಾಗಿಯೇ ಇತ್ತು.

ಅವಳು ಹೆಬ್ಬಾರರ ಕೋಣೆಗೆ ಹೋದಳು.

"ಸರ್, ಬಾಂಬು ಬಿದ್ದಾಗ ಹೆದರದ ಜನ ಇರ್ತಾರಾ?"

"ಅಭ್ಯಾಸ ಆಗ್ತದೆ ವಿನೋದಿನಿ. ಮನುಷ್ಯ ಎಂತದಕ್ಕೂ ಹೊಂದಿಕೊಳ್ತಾನೆ."

"ಬೆಲೂಶಾದವರಿಗೂ ಅಷ್ಟೇ ವರ್ಷದ ಯುದ್ಧ. ಅವರಿಗೆ ಯಾಕೆ ಅಭ್ಯಾಸ ಆಗಲಿಲ್ಲ? ಇನ್ನೊಂದು ನೋಡಿ. ನಾವು ಭಯ ಕಡಿಮೆ ಇದ್ದರೆ ಅಂಕ ಜಾಸ್ತಿ ಕೊಡ್ತೇವೆ. ಝರಾನಿಗೆ ಅರವತ್ತು ದಾಟಲಿಕ್ಕೆ ಆದದ್ದು ಈ ಗೆರೆಯಿಂದಲೇ. ಇದನ್ನು ತೆಗೆದರೆ ಐವತ್ತೂ ಆಗುವುದಿಲ್ಲ."

ಹೆಬ್ಬಾರರು ಕನ್ನಡಕ ತೆಗೆದು ಒರೆಸಿದರು. ಕೆಟ್ಟ ಮನುಷ್ಯರಲ್ಲ ಅವರು. ಈ ಪ್ರಯೋಗಾಲಯವನ್ನು ಊರಿಗೆ ತರಲು ಆರೇಳು ವರ್ಷ ದೆಹಲಿಗೆ ಅಲೆದವರು. "ನೋಡಿ, ಒಂದು ದೇಶ ಶಾಂತವಾಗಿದೆ ಅಂತ ಯಂತ್ರ ಹೇಳಿದರೆ, ಅದು ತಪ್ಪು ಅಂತ ಹೇಳಲಿಕ್ಕೆ ನಮ್ಮ ಹತ್ತಿರ ಕಾರಣ ಬೇಕು. ಸಂಶಯ ಸಾಲುವುದಿಲ್ಲ. ಕಾರಣ ಉಂಟಾ?"

ಇರಲಿಲ್ಲ. ಆದರೆ ಕೋಣೆಯಿಂದ ಹೊರಬರುತ್ತಿರುವಾಗ ಅವಳಿಗೆ, ಅಂಗಿಯ ಗುಂಡಿ ಹಾಕಿಕೊಳ್ಳುತ್ತ ತಾಯಿಯ ಸಾವು ಹೇಳಿದ ಮನುಷ್ಯ ನೆನಪಾದ.

ಆ ಮಧ್ಯಾಹ್ನವೇ ಮನೆಗೆ ಹೋದಳು. ಕೊರೆನ್ ಬಂದಂದಿನಿಂದ ಕ್ಷೌರ ಮಾಡಿಸಿರಲಿಲ್ಲ. ಕೂದಲು ಕುತ್ತಿಗೆ ದಾಟಿ ಇಳಿದಿತ್ತು. ಯೆಸ್ಮಾಳ ಮೂಲಕ ಕೇಳಿದಾಗ ಏನೂ ವಿಚಾರಿಸದೆ ತಲೆ ಬಗ್ಗಿಸಿದ. ಬುಡಕ್ಕೆ ಕತ್ತರಿ ಹಿಡಿದು ನಾಲ್ಕೆಳೆ ತೆಗೆದಳು. ಕತ್ತರಿಯ ಕಿಚ್ ಶಬ್ದಕ್ಕೆ ಅವನ ಹೆಗಲು ಅದುರಿತು.

ಯಂತ್ರ ಮೊದಲು ಸುಟ್ಟದ್ದು ಕೂದಲಿನ ತುದಿಯನ್ನು, ಝರಾನಿನಲ್ಲಿ ಬೆಳೆದ ಭಾಗವನ್ನು. ಗೆರೆ ನೇರ. ತಾಯಿ ಸತ್ತ ತಿಂಗಳೂ ನೇರ. ಹಡಗಿನ ತಿಂಗಳು ನೇರ. ಮಂಗಳೂರಿನ ಮೊದಲ ತಿಂಗಳು, ಎರಡನೆಯದು, ಹಾಗೇ. ಮೂರನೆಯ ತಿಂಗಳ ಹತ್ತಿರ ಗೆರೆ ಸ್ವಲ್ಪ ನಡುಗಿತು. ಆಮೇಲೆ ಎದ್ದ ಎತ್ತರಕ್ಕೆ ಪರದೆಯ ಅಳತೆಯನ್ನೇ ಬದಲಿಸಬೇಕಾಯಿತು. ಸುರಕ್ಷಿತವಾದ ಮನೆ, ಹೊಟ್ಟೆ ತುಂಬ ಊಟ, ಪಕ್ಕದಲ್ಲಿ ಹೆಂಡತಿ. ಆಗ ಈ ಮನುಷ್ಯ ಹೆದರಲು ತೊಡಗಿದ್ದಾನೆ.

ಈಗ ಏನು ಹುಡುಕಬೇಕೆಂದು ಅವಳಿಗೆ ತಿಳಿದಿತ್ತು: ಭಯವನ್ನು ಅದುಮಿ ಹಿಡಿಯುವ ಏನೋ ಒಂದು. ಯಂತ್ರ ಹೆಸರಿಸಲಾಗದೆ ಕಸವೆಂದು ಬದಿಗೆ ಸರಿಸಿದ್ದ ವಸ್ತುಗಳನ್ನೆಲ್ಲ ತೆರೆದಳು. ಅವುಗಳಲ್ಲಿ ಒಂದು ಕೊರೆನನ ಕೂದಲಿನ ತುದಿಯಲ್ಲಿ ದಟ್ಟವಾಗಿತ್ತು. ಬುಡಕ್ಕೆ ಬರುತ್ತ ತೆಳುವಾಗಿ ಇಲ್ಲವಾಗಿತ್ತು. ಅದು ಮಾಯವಾದಲ್ಲಿಂದಲೇ ಭಯ ಶುರು. ಝರಾನಿನ ಮಾದರಿಗಳಲ್ಲೆಲ್ಲ ಅದೇ ವಸ್ತು ಇತ್ತು: ಮುದುಕರಲ್ಲಿ, ಶಾಲೆಯ ಮಕ್ಕಳಲ್ಲಿ, ಪೋಲೀಸರಲ್ಲಿ. ಬೆಲೂಶಾದ ಒಬ್ಬರಲ್ಲೂ ಇಲ್ಲ. ಝರಾನಿನಲ್ಲೂ ಒಂದು ಬೆಟ್ಟದ ಹಳ್ಳಿಯವರಲ್ಲಿ ಮಾತ್ರ ಇರಲಿಲ್ಲ. ಅವರು ಕುರಿ ಕಾಯುವ ಜನ. ತಾವೇ ಬೆಳೆದ ಬಾರ್ಲಿ ತಿನ್ನುವವರು. ಅವರ ಗೆರೆ ಮಾತ್ರ ಬೆಟ್ಟ ಕಣಿವೆಯಾಗಿ ಕುಣಿಯುತ್ತಿತ್ತು.

ಸಂಜೆ ಬಾವಿಕಟ್ಟೆಯಲ್ಲಿ ಕೂತು ಯೆಸ್ಮಾ, ಕೊರೆನ್ ಇಬ್ಬರಿಗೂ ಎಲ್ಲವನ್ನೂ ಹೇಳಿದಳು. ಗುಟ್ಟಿನ ನಿಯಮ ಮುರಿದಂತಾಯಿತು. ಯೆಸ್ಮಾ ತಮ್ಮ ಭಾಷೆಯಲ್ಲಿ ಕೊರೆನನಿಗೆ ಒಂದೊಂದೇ ಮಾತು ದಾಟಿಸಿದಳು.

"ಅಲ್ಲಿ ಎಲ್ಲರೂ ತಿನ್ನುವುದು ಯಾವುದು?" ಎಂದು ವಿನೋದಿನಿ ಕೇಳಿದಳು.

"ಹಿಟ್ಟು" ಎಂದ ಕೊರೆನ್ ಕನ್ನಡದಲ್ಲೇ. ಅವನ ಉಳಿದ ಮಾತನ್ನು ಯೆಸ್ಮಾ ಹೇಳಿದಳು. "ಸರಕಾರಿ ಗಿರಣಿಯ ಹಿಟ್ಟು. ನಾನು ಹೊರಟ ಮೇಲೆ ಶುರು ಆದದ್ದಂತೆ. ವಾರಕ್ಕೊಮ್ಮೆ ನೀಲಿ ಚೀಲದಲ್ಲಿ, ಪುಕ್ಕಟೆ. ಜೀವಸತ್ವ ಸೇರಿಸಿದ್ದೇವೆ ಅಂತ ಚೀಲದ ಮೇಲೆ ಬರೆದಿತ್ತಂತೆ. ಒಳ್ಳೆಯ ಹಿಟ್ಟು, ರೊಟ್ಟಿ ಮೆತ್ತಗೆ ಬರುತ್ತಿತ್ತು ಅಂತಾನೆ."

ಕೊರೆನ್ ಇದ್ದಕ್ಕಿದ್ದಂತೆ ಎದ್ದು ನಿಂತ. ಗಂಡ ಹೆಂಡತಿಯ ನಡುವೆ ಮಾತು ಬಿರುಸಾಯಿತು. ವಿನೋದಿನಿಗೆ ಭಾಷೆ ತಿಳಿಯದಿದ್ದರೂ ಜಗಳ ತಿಳಿಯಿತು. ಕೊನೆಗೆ ಯೆಸ್ಮಾ ಅವಳತ್ತ ತಿರುಗಿದಳು. ಅವಳ ಗಲ್ಲ ಕೆಂಪಾಗಿತ್ತು.

"ಆ ಹಿಟ್ಟನ್ನು ನಿಲ್ಲಿಸಬೇಡಿ ಅಂತಾನೆ ಅಕ್ಕ. ನಿಮ್ಮಿಂದ ಬಾಂಬು ನಿಲ್ಲಿಸಲಿಕ್ಕೆ ಆಗ್ತದಾ ಅಂತ ಕೇಳ್ತಾನೆ. ಆಗದಿದ್ದರೆ ಹಿಟ್ಟಾದರೂ ಇರಲಿ ಬಿಡಿ ಅಂತಾನೆ. ಈಗ ಯಾರಾದರೂ ಆ ಚೀಲ ಕೊಟ್ಟರೆ ಹಸಿಹಿಟ್ಟನ್ನೇ ಮುಕ್ಕುತ್ತೇನೆ ಅಂತಾನೆ. ನಾನು ಹೇಳಿದೆ, ನೀನು ಬೊಂಬೆ ಆಗಿದ್ದಾಗ ಪಕ್ಕದಲ್ಲಿ ಮಲಗಿದ್ದವಳು ನಾನು ಅಂತ."

ಈ ಮಾತನ್ನು ವಿನೋದಿನಿ ಯೋಚಿಸಿಯೇ ಇರಲಿಲ್ಲ. ಲಕ್ಷಾಂತರ ಜನ, ಎಲ್ಲರೂ ಒಟ್ಟಿಗೆ ಕೊರೆನನಂತೆ ಮಂಚದಡಿ ಸೇರುವುದು, ಮೇಲೆ ಶೆಲ್ಲು ಬೀಳುತ್ತಲೇ ಇರುವುದು. ಹಿಟ್ಟಿನ ಸುದ್ದಿ ಹೊರಬಿದ್ದರೆ ಆಗುವುದು ಅದೇ. ಸುಮ್ಮನಿದ್ದರೆ ಇಲ್ಲಿರುವ ಝರಾನಿನವರೆಲ್ಲ ವಾಪಸಿನ ಹಡಗು ಹತ್ತಬೇಕು.

"ನಿನ್ನ ತಾಯಿ ಹೇಗೆ ಹೋದರು?" ಎಂದು ಕೊರೆನನನ್ನು ಮೆಲ್ಲಗೆ ಕೇಳಿದಳು. "ಹೇಳಲಿಕ್ಕೆ ಆಗದಿದ್ದರೆ ಬೇಡ."

ಕೊರೆನ್ ಮತ್ತೆ ಕಟ್ಟೆಯ ಮೇಲೆ ಕುಳಿತ. ಹೇಳತೊಡಗಿದ. ಯೆಸ್ಮಾ ಕನ್ನಡಕ್ಕೆ ತರುತ್ತ ಹೋದಳು. "ಬೆಳಿಗ್ಗೆ. ಸೈರನ್ ಕೂಗಿತು. ನೆಲಮಾಳಿಗೆ ನಮ್ಮ ಅಂಗಳದಲ್ಲೇ ಉಂಟು, ಬಾವಿಯಷ್ಟು ಹತ್ತಿರ. ಅಮ್ಮ ಬಟ್ಟೆ ಒಣಹಾಕುತ್ತಿದ್ದಳು. ಇದೊಂದು ಚಾದರ ಹಾಕಿ ಬರ್ತೇನೆ ಅಂದಳು. ನಾನು ಒಳಗೆ ತಿಂಡಿ ತಿನ್ನುತ್ತಿದ್ದೆ. ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು ಆಕಾಶ ನೋಡುತ್ತಿದ್ದರು. ಸೈರನ್ ಎಲ್ಲರಿಗೂ ಕೇಳಿಸಿತು. ಅದು ಎಂತ ಅಂತ ಎಲ್ಲರಿಗೂ ಗೊತ್ತಿತ್ತು. ಯಾರೂ..."

ಕೊರೆನ್ ಮಾತು ಅರ್ಧಕ್ಕೇ ಬಿಟ್ಟಿದ್ದ. ಅವನು ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದ. ಆಮೇಲೆ ಒಂದೇ ಒಂದು ವಾಕ್ಯ ಹೇಳಿದ. ಯೆಸ್ಮಾ ಅದನ್ನು ದಾಟಿಸಿದಳು.

"ಹೆದರಿದ್ದರೆ ಓಡುತ್ತಿದ್ದೆವು ಅಂತ ಹೇಳ್ತಾ ಇದ್ದಾನೆ."

ಅಂಗಳದಲ್ಲಿ ಜಯಕರ ಬೈಕು ನಿಲ್ಲಿಸಿದ ಸದ್ದಾಯಿತು. ಕೊರೆನ್ ಬೆಚ್ಚಿಬಿದ್ದ, ಆದರೆ ಏಳಲಿಲ್ಲ. ತಾನೇ ಕನ್ನಡದಲ್ಲಿ, ತಡೆತಡೆದು, "ನಾನು ಬರ್ತೇನೆ. ಸಭೆಗೆ" ಎಂದ.

ಸಭೆಯ ದಿನ ಹೆಬ್ಬಾರರು ವಿನೋದಿನಿಯ ಹೊಸ ಗೆರೆಗಳನ್ನು ಎರಡು ಸಲ ನೋಡಿದರು. "ಝರಾನ್ ಸರಕಾರ ನಮ್ಮ ಮೇಲೆ ಬೀಳ್ತದೆ. ಈ ಪ್ರಯೋಗಾಲಯ ಉಳಿಯಲಿಕ್ಕಿಲ್ಲ" ಎಂದರು. "ಕೂದಲು ಓದುವ ಕೆಲಸ ಪೂರ್ತಿಯಾಗಿಲ್ಲ, ಅಂಕ ಹಿಂದಕ್ಕೆ ತೆಗೆದುಕೊಂಡಿದ್ದೇವೆ ಅಂತ ನಾನು ಹೇಳ್ತೇನೆ. ಅದಕ್ಕಿಂತ ಮುಂದೆ ನನ್ನಿಂದ ಆಗುವುದಿಲ್ಲ. ಉಳಿದದ್ದು ನೀವು ಹೇಳಿ." ಅವರು ಹಾಗೆಯೇ ಮಾಡಿದರು. ಅಷ್ಟು ಮಾಡುವುದಕ್ಕೂ ಅವರಿಗೆ ಎಷ್ಟು ಕಷ್ಟವಾಯಿತೆಂದು ಪಕ್ಕದಲ್ಲಿ ಕೂತ ವಿನೋದಿನಿಗೆ ಕಂಡಿತು.

ಹಿಟ್ಟಿನ ವಿಷಯ ವಿನೋದಿನಿ ಹೇಳಿದ ಮೇಲೆ ಝರಾನಿನ ಪ್ರತಿನಿಧಿ ಪರದೆಯ ಮೇಲೆ ನಗುತ್ತ ಮಾತಾಡಿದ. ಹಿಟ್ಟಿನಲ್ಲಿರುವುದು ಪೋಷಕಾಂಶ ಮಾತ್ರ. ತಮ್ಮ ಜನ ಧೈರ್ಯವಂತರು. ಧೈರ್ಯವನ್ನು ರೋಗವೆನ್ನುವುದು ಅವಮಾನ ಎಂದ. ಆಮೇಲೆ ಮಂಡಳಿಯ ಅಧ್ಯಕ್ಷೆ ಕೊರೆನನನ್ನು ಕೇಳಿದಳು. ನಿಮಗೆ ಅಲ್ಲಿ ಏನು ಕೊರತೆಯಿತ್ತು?

"ಏನೂ ಇಲ್ಲ" ಎಂದ ಕೊರೆನ್ ಯೆಸ್ಮಾಳ ಮೂಲಕ. "ನೀರು, ದೀಪ, ರಸ್ತೆ, ಆಸ್ಪತ್ರೆ, ಎಲ್ಲ ಇತ್ತು. ನನ್ನ ತಾಯಿಯನ್ನು ಒಳ್ಳೆಯ ಆಂಬುಲೆನ್ಸಿನಲ್ಲಿ ಒಯ್ದರು. ಅದರ ಹಿಂದೆ ನಾನು ನಡೆದುಕೊಂಡು ಹೋದೆ, ದಾರಿಯಲ್ಲಿ ನಿಂತು ಚಹಾ ಕುಡಿದೆ." ಅಷ್ಟು ಹೇಳಿ ಎಲ್ಲರೆದುರು, ಮೈಕಿನ ಮುಂದೆ, ದೊಡ್ಡ ದನಿ ತೆಗೆದು ಅತ್ತ. ಯಾರೂ ಮೈಕು ಆರಿಸಲಿಲ್ಲ.

ಅಧ್ಯಕ್ಷೆ ಕಾದು, ಆಮೇಲೆ ವಿನೋದಿನಿಯತ್ತ ನೋಡಿದಳು. "ಡಾಕ್ಟರ್, ಮಂಡಳಿಗೆ ಉತ್ತರ ಬೇಕು. ಎರಡರಲ್ಲಿ ಬದುಕು ಎಲ್ಲಿ ವಾಸಿ?"

"ಬೆಲೂಶಾದಲ್ಲಿ ಹಸಿವಿದೆ, ನೀರು ಕೊಳಕು" ಎಂದಳು ವಿನೋದಿನಿ. "ಅವರಿಗೆ ಏನು ಬೇಕೆಂದು ಕೇಳಿದರೆ ಅವರೇ ಹೇಳುತ್ತಾರೆ. ಅದನ್ನು ಕೊಡಬಹುದು. ಝರಾನಿನವರನ್ನು ಕೇಳಿದರೆ ಏನೂ ಬೇಡ ಎನ್ನುತ್ತಾರೆ. ಈ ಎರಡನ್ನು ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಬರುವುದಿಲ್ಲ ಮೇಡಂ."

ವಾಪಸು ಕಳಿಸುವ ನಿರ್ಧಾರವನ್ನು ಮಂಡಳಿ ತಡೆಹಿಡಿಯಿತು. ಬೆಲೂಶಾಕ್ಕೆ ನೀರು ಶುದ್ಧಿ ಮಾಡುವ ಘಟಕಗಳು ಹೋದವು. ಪ್ರಯೋಗಾಲಯದ ಅನುದಾನ ಅರ್ಧಕ್ಕಿಳಿಯಿತು. ಹೆಬ್ಬಾರರು ಮತ್ತೆ ದೆಹಲಿಗೆ ಅಲೆಯತೊಡಗಿದರು. ಯೆಸ್ಮಾ ಶಿಬಿರದ ಹೆಂಗಸರಿಂದೆಲ್ಲ ಊರಿಗೆ ಫೋನು ಮಾಡಿಸಿದಳು. ನೀಲಿ ಚೀಲ ಮುಟ್ಟಬೇಡಿ, ಕಾಳು ತಂದು ಮನೆಯಲ್ಲೇ ಬೀಸಿಕೊಳ್ಳಿ ಎಂದು ಒಬ್ಬರಿಂದೊಬ್ಬರಿಗೆ ಸುದ್ದಿ ದಾಟಿತು. ಝರಾನ್ ಸರಕಾರ ಅದನ್ನು ಸುಳ್ಳೆಂದಿತು. ಯಾರು ನಂಬಿದರೋ, ಯಾರು ಬಿಟ್ಟರೋ ತಿಳಿಯುವ ದಾರಿಯಿರಲಿಲ್ಲ. ವಿನೋದಿನಿ ಪ್ರತಿದಿನ ಸುದ್ದಿಯಲ್ಲಿ ಝರಾನಿನ ಬೀದಿಗಳನ್ನು ಹುಡುಕುತ್ತಿದ್ದಳು. "ನೀನು ಸರಿಯಾದದ್ದನ್ನೇ ಮಾಡಿದ್ದು ಮಾರಾಯ್ತಿ" ಎಂದು ಜಯಕರ ಹೇಳಿದರೆ, "ನನಗೆ ಗೊತ್ತಿಲ್ಲ, ಸುಮ್ಮನಿರಿ" ಎನ್ನುತ್ತಿದ್ದಳು.

ಮಳೆಗಾಲ ಮುಗಿದು ಸಮುದ್ರ ತಿಳಿಯಾದ ಮೇಲೆ ಹಡಗು ಬಂತು. ಝರಾನಿನಿಂದ ಇಷ್ಟು ಜನ ಒಟ್ಟಿಗೆ ಹಿಂದೆಂದೂ ಬಂದಿರಲಿಲ್ಲ. ಹಡಗು ನಿಲ್ಲುವ ಧಕ್ಕೆಯಲ್ಲಿ ನಿಂತವರಿಗೆ ಹಡಗು ಕಾಣುವ ಮೊದಲೇ ಅದರ ಸದ್ದು ಕೇಳಿಸಿತು. ಎಂಜಿನ್ನಿನ ಸದ್ದೆಂದುಕೊಂಡರು. ಹತ್ತಿರ ಬಂದಂತೆ ಅದು ಅಳು ಎಂದು ತಿಳಿಯಿತು. ಗಂಡಸರು, ಹೆಂಗಸರು, ಮಕ್ಕಳು, ಹಡಗಿಗೆ ಹಡಗೇ ಅಳುತ್ತಿತ್ತು.

"ಅಯ್ಯೋ ದೇವರೇ, ಎಂತ ಇದು?" ಎಂದು ಬಂದರಿನ ಪೋಲೀಸ ಕಿವಿಗೆ ಕೈ ಹಚ್ಚಿದ.

ವಿನೋದಿನಿ ಮಾದರಿ ತೆಗೆಯುವ ಕತ್ತರಿ, ಕವರುಗಳೊಂದಿಗೆ ಬಂದಿದ್ದಳು. ಮೊದಲ ಸಾಲಿನವರು ಏಣಿ ಇಳಿಯುವುದನ್ನು ನೋಡಿ ಚೀಲವನ್ನು ಜಯಕರನ ಕೈಗೆ ಕೊಟ್ಟುಬಿಟ್ಟಳು. ಒಬ್ಬ ಹೆಂಗಸು ನೆಲ ಮುಟ್ಟಿದೊಡನೆ ಕುಸಿದು, ಎರಡು ವರ್ಷದ ಹಿಂದೆ ಸತ್ತ ಯಾರದೋ ಹೆಸರು ಹಿಡಿದು ಕೂಗುತ್ತಿದ್ದಳು. ಕ್ರೇನೊಂದು ಕಿರುಗುಟ್ಟಿದಾಗ ಸಾಲಿಗೆ ಸಾಲೇ ಚೆದುರಿ ಗೋದಾಮಿನ ಗೋಡೆಯತ್ತ ಓಡಿತು. ಇದು ತಾನು ಮಾಡಿದ್ದು ಎಂದು ವಿನೋದಿನಿ ಅಂದುಕೊಂಡಳು. ಇದಕ್ಕೆ ಎಷ್ಟು ಅಂಕ ಎಂದು ಯಾರೂ ಕೇಳದಿರಲಿ ಎಂದುಕೊಂಡಳು.

ಯೆಸ್ಮಾ ಗಂಜಿಯ ಹಂಡೆಯ ಬಳಿ ಸೌಟು ಹಿಡಿದು ನಿಂತಿದ್ದಳು. ಕೊರೆನ್ ಅವಳ ಪಕ್ಕದಲ್ಲಿರಲಿಲ್ಲ. ಅವನು ಗೋಡೆಯ ಬುಡದಲ್ಲಿ, ಮಂಡಿಯ ನಡುವೆ ತಲೆ ಸಿಕ್ಕಿಸಿಕೊಂಡು ನಡುಗುತ್ತಿದ್ದ ಒಬ್ಬ ಮುದುಕನ ಪಕ್ಕದಲ್ಲಿ ಕುಳಿತಿದ್ದ. ಅವನೂ ನಡುಗುತ್ತಲೇ ಇದ್ದ. ಮುದುಕನ ಹೆಗಲ ಸುತ್ತ ತೋಳು ಹಾಕಿ, ಕಿವಿಯ ಹತ್ತಿರ ಬಾಗಿ ತಮ್ಮ ಭಾಷೆಯಲ್ಲಿ ಏನೋ ಹೇಳುತ್ತಿದ್ದ.

"ಎಂತ ಹೇಳ್ತಾನೆ?" ಎಂದು ವಿನೋದಿನಿ ಕೇಳಿದಳು.

ಯೆಸ್ಮಾ ಸೌಟನ್ನು ಹಂಡೆಯಲ್ಲೇ ಬಿಟ್ಟು ಅವರ ಹತ್ತಿರ ಹೋಗಿ ಕಿವಿಗೊಟ್ಟು ಕೇಳಿದಳು.

"ಯಾರು ಸತ್ತದ್ದು, ಅವರ ಹೆಸರು ಹೇಳಿ ಅಂತ ಕೇಳ್ತಾ ಇದ್ದಾನೆ ಅಕ್ಕ. ಮೊದಲು ನೀವು ಹೇಳಿ, ಆಮೇಲೆ ನಾನು ನನ್ನ ತಾಯಿಯದು ಹೇಳ್ತೇನೆ ಅಂತಾನೆ."